ಎದೆಯಲ್ಲೊಂದು ಪುಟ್ಟ ಯಂತ್ರ: ಹರೆಯದ ಹೆಣ್ಣುಮಕ್ಕಳ ಹೇಳದ ನೋವು

ಹೃದ್ರೋಗವೆಂದೊಡನೆ ನಮ್ಮ ಕಣ್ಣೆದುರು ಬರುವುದು ಅರವತ್ತು ದಾಟಿದ ಹಿರಿಯರ ಚಿತ್ರ. ಪೇಸ್‌ಮೇಕರ್ ಎಂದರಂತೂ ಅದು ಅಜ್ಜ ಅಜ್ಜಿಯರಿಗೆ ಅಳವಡಿಸುವ ಸಾಧನವೆಂದೇ ನಮ್ಮ ಕುಟುಂಬಗಳಲ್ಲಿ ತಿಳುವಳಿಕೆ. 1989ರಲ್ಲಿ ಕಲ್ಕತ್ತೆಯ ಸಂತ ತೆರೇಸಾ ಅವರಿಗೆ ಪೇಸ್‌ಮೇಕರ್ ಅಳವಡಿಸಿದಾಗ ಅವರಿಗೆ 79 ವರ್ಷ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರ ಎದೆಯಲ್ಲಿಯೂ ಇಂಥದೊಂದು ಸಾಧನ ಹಲವು ವರ್ಷಗಳಿಂದ ಇತ್ತೆಂಬುದು ಲೋಕಕ್ಕೆ ತಿಳಿದದ್ದು 2013ರಲ್ಲಿ, ಅವರು ಪದತ್ಯಾಗ ಮಾಡಿದ ಸಂದರ್ಭದಲ್ಲಿ. ಆಗ ಅವರಿಗೆ 85 ವರ್ಷ. ಇಂಥ ಉದಾಹರಣೆಗಳನ್ನು ಕೇಳಿ ಬೆಳೆದ ನಮಗೆ, ಇಪ್ಪತ್ತು ಇಪ್ಪತ್ತೈದರ ಹೆಣ್ಣುಮಗಳೊಬ್ಬಳು ಅದೇ ಯಂತ್ರವನ್ನು ಎದೆಯಲ್ಲಿ ಧರಿಸಿ ಕಾಲೇಜಿಗೆ, ಕೆಲಸಕ್ಕೆ, ದೇವಾಲಯಕ್ಕೆ ಹೋಗುತ್ತಿರಬಹುದೆಂಬುದು ಹೊಳೆಯುವುದೇ ಇಲ್ಲ.

ಮಾಗಡಿ ಸೀಮೆಯ ಒಂದು ಹಳ್ಳಿಯಲ್ಲಿ ಅಂಥ ಒಬ್ಬ ಹೆಣ್ಣುಮಗಳಿದ್ದಾಳೆಂದು ಊಹಿಸಿಕೊಳ್ಳೋಣ. ಪದೇ ಪದೇ ತಲೆಸುತ್ತಿ ಬೀಳುತ್ತಿದ್ದವಳಿಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಪೇಸ್‌ಮೇಕರ್ ಅಳವಡಿಸಲಾಗಿದೆ. ಜೀವಕ್ಕಿದ್ದ ಅಪಾಯ ದೂರವಾಗಿದೆ. ಊರಿಗೆ ಮರಳಿದ ಮೇಲೆ ನೋಡಲು ಬಂದವರೆಲ್ಲ ದೇವರಿಗೆ ಕೃತಜ್ಞತೆ ಹೇಳಿ ಹೋಗಿದ್ದಾರೆ. ಆದರೆ ರಾತ್ರಿ ಎಡಮಗ್ಗುಲಿಗೆ ಹೊರಳಿದರೆ ಒತ್ತುತ್ತದೆ. ರವಿಕೆಯ ಅಂಚು ಗಾಯದ ಮೇಲೆ ಉಜ್ಜುತ್ತದೆ. ಜಡೆ ಹೆಣೆಯಲು ಕೈ ಮೇಲೇಳುವುದಿಲ್ಲ. ಕನ್ನಡಿಯಲ್ಲಿ ಕಾಣುವ ಉಬ್ಬನ್ನು ಮುಚ್ಚಲು ಸೆರಗನ್ನು ಎಳೆದೆಳೆದು ಸಾಕಾಗುತ್ತದೆ. ಇದನ್ನು ಬಾಯಿಬಿಟ್ಟು ಹೇಳಿದರೆ ಸಿಗುವ ಉತ್ತರವೊಂದೇ: “ಜೀವ ಉಳೀತಲ್ಲವ್ವ, ಇಷ್ಟಕ್ಕೆಲ್ಲ ಅಳ್ತಾರಾ?” ಆಡಿದವರ ಮನಸ್ಸಿನಲ್ಲಿ ಕೇಡಿಲ್ಲ. ಆದರೆ ಆ ಮಾತು ಕೇಳಿದ ಮೇಲೆ ಹುಡುಗಿ ಮತ್ತೆ ಬಾಯಿ ತೆರೆಯುವುದಿಲ್ಲ.

ಈ ಲೇಖನದ ಉದ್ದೇಶ ಆ ಬಾಯಿ ಮುಚ್ಚದಂತೆ ನೋಡಿಕೊಳ್ಳುವುದು. ಪೇಸ್‌ಮೇಕರ್ ಧರಿಸಿದ ತರುಣಿಯ ನೋವುಗಳಲ್ಲಿ ಹಲವು ಸಹಜವಾದವು, ಕಾಲಕ್ರಮದಲ್ಲಿ ಮಾಯುವಂಥವು. ಕೆಲವು ಸಣ್ಣ ಉಪಾಯದಿಂದ ಕಡಿಮೆಯಾಗುವಂಥವು. ಮತ್ತೆ ಕೆಲವು ಒಂದು ದಿನವೂ ತಡಮಾಡಬಾರದಂಥವು. ಯಾವುದು ಯಾವುದೆಂದು ತಿಳಿಯಬೇಕಾದರೆ ಮೊದಲು ನೋವು ಮಾತಾಗಬೇಕು.

ಯಂತ್ರದ ಕೆಲಸವೇನು?

ನಮ್ಮ ಹೃದಯ ದಿನವೊಂದಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಈ ಬಡಿತಕ್ಕೆ ಅಪ್ಪಣೆ ಹೊರಡುವುದು ಹೃದಯದ ಮೇಲ್ಭಾಗದ ಬಲ ಕೋಣೆಯಲ್ಲಿರುವ ಒಂದು ಸಣ್ಣ ಗಂಟಿನಿಂದ. ಅಲ್ಲಿ ಹುಟ್ಟುವ ವಿದ್ಯುತ್ ಸಂಕೇತವು ನಡುವಣ ಮತ್ತೊಂದು ಗಂಟನ್ನು ಹಾದು ಕೆಳಗಿನ ಕೋಣೆಗಳಿಗೆ ತಲಪಿದಾಗ ಹೃದಯ ಕುಗ್ಗಿ ರಕ್ತವನ್ನು ತಳ್ಳುತ್ತದೆ. ಮೇಲಿನ ಗಂಟು ಸೋತರೆ, ಅಥವಾ ನಡುವಣ ದಾರಿ ಕಡಿದುಹೋದರೆ ಬಡಿತ ನಿಧಾನವಾಗುತ್ತದೆ, ಕೆಲವೊಮ್ಮೆ ಕೆಲ ಕ್ಷಣ ನಿಂತೇಹೋಗುತ್ತದೆ. ಕಣ್ಣು ಕತ್ತಲೆ ಬರುವುದು, ಸುಸ್ತು, ಪ್ರಜ್ಞೆ ತಪ್ಪಿ ಬೀಳುವುದು ಇದರ ಪರಿಣಾಮ. ನಮ್ಮ ಹಳ್ಳಿಗಳಲ್ಲಿ ಹೀಗೆ ಬೀಳುವ ಹೆಣ್ಣುಮಕ್ಕಳನ್ನು ಮೂರ್ಛೆರೋಗವೆಂದೋ, ರಕ್ತಹೀನತೆಯೆಂದೋ, ಗಾಳಿ ಸೋಕಿದೆಯೆಂದೋ ತಿಳಿದು ವರ್ಷಗಟ್ಟಲೆ ಕಳೆಯುವುದುಂಟು. ಬಿದ್ದೆದ್ದವರಿಗೆ ಒಂದು ಇ.ಸಿ.ಜಿ. ಪರೀಕ್ಷೆ ಮಾಡಿಸುವುದು ಎಷ್ಟು ಮುಖ್ಯವೆಂಬುದಕ್ಕೆ ಇದೇ ಕಾರಣ.

ಪೇಸ್‌ಮೇಕರ್ ಎಂಬುದು ಆ ತಪ್ಪಿದ ಅಪ್ಪಣೆಯನ್ನು ಕೊಡುವ ಸಾಧನ. ಬೆಂಕಿಪೊಟ್ಟಣಕ್ಕಿಂತ ತೆಳುವಾದ, ಟೈಟೇನಿಯಂ ಲೋಹದ ಕವಚದೊಳಗೆ ಬ್ಯಾಟರಿಯೂ ವಿದ್ಯುನ್ಮಂಡಲವೂ ಇರುತ್ತವೆ. ತೂಕ ಸುಮಾರು 20ರಿಂದ 30 ಗ್ರಾಂ. ಕೊರಳೆಲುಬಿನ ಕೆಳಗೆ, ಸಾಮಾನ್ಯವಾಗಿ ಎಡಭಾಗದಲ್ಲಿ, ಚರ್ಮದಡಿ ಒಂದು ಚಿಕ್ಕ ಜೇಬು ಮಾಡಿ ಅದನ್ನು ಇರಿಸುತ್ತಾರೆ. ಅಲ್ಲಿಂದ ಒಂದೋ ಎರಡೋ ತೆಳು ತಂತಿಗಳು ರಕ್ತನಾಳದ ಮೂಲಕ ಹೃದಯದೊಳಕ್ಕೆ ಹೋಗುತ್ತವೆ. ಹೃದಯ ತಾನಾಗಿ ಬಡಿಯುತ್ತಿದ್ದರೆ ಯಂತ್ರ ಸುಮ್ಮನಿರುತ್ತದೆ. ಬಡಿತ ತಪ್ಪಿದರೆ ಮಾತ್ರ ಎಚ್ಚರಿಸುತ್ತದೆ. ಅದು ಕೊಡುವ ವಿದ್ಯುತ್ತು ಬಹಳ ಅಲ್ಪ. ಮೈಗೆ ಷಾಕ್ ಹೊಡೆಯುವುದೆಂಬ ಭಯಕ್ಕೆ ಆಧಾರವಿಲ್ಲ. ಷಾಕ್ ಕೊಡುವ ಸಾಧನ ಬೇರೆಯೇ ಇದೆ, ಅದರ ಉದ್ದೇಶವೂ ಬೇರೆ. ಈ ಹುಡುಗಿಯನ್ನು ಮುಟ್ಟಿದರೆ, ಅವಳ ಪಕ್ಕದಲ್ಲಿ ಮಲಗಿದರೆ ಯಾರಿಗೂ ಏನೂ ಆಗುವುದಿಲ್ಲ.

ಹರೆಯದವರಿಗೇಕೆ?

ವಯಸ್ಸಾದವರಲ್ಲಿ ಈ ತೊಂದರೆ ಬರುವುದು ಹೃದಯದ ವಿದ್ಯುತ್ ದಾರಿ ಸವೆಯುವುದರಿಂದ. ಎಳೆಯರಲ್ಲಿ ಕಾರಣಗಳು ಬೇರೆ. ಕೆಲವು ಮಕ್ಕಳು ಹುಟ್ಟುವಾಗಲೇ ಈ ದಾರಿ ಕಡಿದಿರುತ್ತದೆ. ಸುಮಾರು 15ರಿಂದ 20 ಸಾವಿರ ಶಿಶುಗಳಲ್ಲಿ ಒಂದಕ್ಕೆ ಹೀಗಾಗುತ್ತದೆಂದು ವೈದ್ಯರ ಅಂದಾಜು. ತಾಯಿಯ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯಗಳು ಗರ್ಭದಲ್ಲಿರುವ ಕೂಸಿನ ಹೃದಯದ ಮೇಲೆ ಮಾಡುವ ಪರಿಣಾಮ ಇದಕ್ಕೆ ಮುಖ್ಯ ಕಾರಣ. ಇದರಲ್ಲಿ ತಾಯಿಯ ತಪ್ಪೇನೂ ಇಲ್ಲ. ಹೃದಯದ ರಂಧ್ರ ಮುಚ್ಚುವ ಅಥವಾ ಕವಾಟ ಬದಲಿಸುವ ಶಸ್ತ್ರಚಿಕಿತ್ಸೆಯ ನಂತರ ಕೆಲವರಿಗೆ ಪೇಸ್‌ಮೇಕರ್ ಬೇಕಾಗುತ್ತದೆ. ಸಾರ್ಕಾಯ್ಡೋಸಿಸ್ ಎಂಬ ಉರಿಯೂತ, ಅಪರೂಪಕ್ಕೆ ಕ್ಷಯರೋಗ, ಹೃದಯದ ಸ್ನಾಯುವಿನ ಸೋಂಕುಗಳು ಕೂಡ ಎಳೆಯ ವಯಸ್ಸಿನಲ್ಲಿ ಈ ದಾರಿಯನ್ನು ಕೆಡಿಸಬಲ್ಲವು. ಆದುದರಿಂದ “ಈ ವಯಸ್ಸಿಗೇ ಇದೇಕೆ ಬಂತು, ಏನು ಪಾಪ ಮಾಡಿದ್ದಳೋ” ಎಂಬ ಮಾತು ಯಾರ ಬಾಯಿಯಿಂದಲೂ ಬರಕೂಡದು.

ಹರೆಯದ ಹೆಣ್ಣಿಗೆ ಈ ಯಂತ್ರ ಮುದುಕರಿಗಿಂತ ಹೆಚ್ಚು ತೊಡಕು ಕೊಡುವುದಕ್ಕೂ ಸ್ಪಷ್ಟ ಕಾರಣಗಳಿವೆ. ತೆಳು ಮೈಯವರಲ್ಲಿ ಚರ್ಮದಡಿಯ ಕೊಬ್ಬು ಕಡಿಮೆಯಾದ್ದರಿಂದ ಉಬ್ಬು ಎದ್ದು ಕಾಣುತ್ತದೆ, ಅಂಚು ಕೈಗೆ ತಾಗುತ್ತದೆ. ಒಳಉಡುಪಿನ ಪಟ್ಟಿ ಹಾದುಹೋಗುವ ಜಾಗವೂ ಯಂತ್ರದ ಜಾಗವೂ ಒಂದೇ. ದಿನವಿಡೀ ತೋಳನ್ನು ಬಳಸುವ ಕೆಲಸಗಳೂ ಹೆಚ್ಚು. ಎಲ್ಲಕ್ಕಿಂತ ಮಿಗಿಲಾಗಿ, ಎಪ್ಪತ್ತರ ಅಜ್ಜನು ಇನ್ನು ಹತ್ತು ಹದಿನೈದು ವರ್ಷ ಇದರೊಡನೆ ಬಾಳಿದರೆ, ಇಪ್ಪತ್ತರ ಹುಡುಗಿ ಐವತ್ತು ಅರವತ್ತು ವರ್ಷ ಬಾಳಬೇಕು.

ಗಾಯ ಮಾಯುವವರೆಗೆ

ಮೊದಲ ಕೆಲವು ವಾರ ಗಾಯದ ಜಾಗದಲ್ಲಿ ನೋವು, ಬಿಗಿತ, ಸುತ್ತಲಿನ ಚರ್ಮದಲ್ಲಿ ಜೋಮು ಅಥವಾ ಜುಮುಗುಡುವಿಕೆ, ನೀಲಿಗಟ್ಟಿದ ಬಣ್ಣ ಸಹಜ. ಇಲ್ಲಿ ನೆನಪಿಡಬೇಕಾದ ಸೂತ್ರ ಒಂದೇ: ನೋವು ದಿನದಿಂದ ದಿನಕ್ಕೆ ಇಳಿಯುತ್ತಾ ಬರಬೇಕು. ಇಳಿದ ನೋವು ಮತ್ತೆ ಏರಿದರೆ, ಅಥವಾ ತಿಂಗಳುಗಳು ಕಳೆದ ಮೇಲೆ ಹೊಸದಾಗಿ ಕಾಣಿಸಿಕೊಂಡರೆ ಅದನ್ನು ಸಹಜವೆಂದು ಬಗೆಯಬಾರದು.

ತಂತಿಗಳು ಹೃದಯದ ಒಳಭಿತ್ತಿಯಲ್ಲಿ ಗಟ್ಟಿಯಾಗಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಆ ಬದಿಯ ಕೈಯನ್ನು ಹೆಗಲಿಗಿಂತ ಮೇಲೆತ್ತಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳುತ್ತಾರೆ. ನಮ್ಮ ಮನೆಗಳಲ್ಲಿ ಇದರ ಅರ್ಥವೇನೆಂಬುದನ್ನು ಬಿಡಿಸಿ ಹೇಳಬೇಕು. ನೀರು ತುಂಬಿದ ಬಿಂದಿಗೆ, ಹಿಪ್ಪುನೇರಳೆ ಸೊಪ್ಪಿನ ಹೊರೆ, ಹಸುವಿನ ಹುಲ್ಲಿನ ಹೊರೆ ಎತ್ತುವಂತಿಲ್ಲ. ರೇಷ್ಮೆ ಹುಳು ಸಾಕುವ ಮನೆಯಲ್ಲಿ ಚಂದ್ರಿಕೆಗಳನ್ನು ಎತ್ತಿ ಇಳಿಸುವಂತಿಲ್ಲ. ನಾಲ್ಕು ಜನರ ಮುದ್ದೆಯನ್ನು ಕೋಲಿನಿಂದ ತೊಳಸುವಂತಿಲ್ಲ. ಬಟ್ಟೆಯನ್ನು ಕಲ್ಲಿಗೆ ಬಡಿದು ಒಗೆಯುವಂತಿಲ್ಲ. ಬಸ್ಸಿನಲ್ಲಿ ನಿಂತು ಮೇಲಿನ ಕಂಬಿಗೆ ಆ ಕೈಯಲ್ಲಿ ಜೋತುಬೀಳುವಂತಿಲ್ಲ. ಹಬ್ಬದ ದಿನ ಮಾತೆ ಮರಿಯಮ್ಮನವರ ತೇರಿಗೆ ಆ ಹೆಗಲು ಕೊಡುವಂತಿಲ್ಲ. ಇಷ್ಟನ್ನೂ ಅವಳಾಗಿಯೇ “ನನ್ನಿಂದ ಆಗದು” ಎಂದು ಹೇಳಲಿ ಎಂದು ಕಾಯುವುದು ಸರಿಯಲ್ಲ. ಆಸ್ಪತ್ರೆಯಿಂದ ಬಂದ ದಿನವೇ ಮನೆಯ ಹಿರಿಯರು ಆ ಕೆಲಸಗಳನ್ನು ಬೇರೆಯವರಿಗೆ ಹಂಚಿಬಿಡಬೇಕು.

ತೋಳನ್ನು ಕಟ್ಟಿಹಾಕಬೇಡಿ

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ತಂತಿ ಸರಿದೀತೆಂಬ ಹೆದರಿಕೆಯಿಂದ ಕೆಲವರು ತಿಂಗಳುಗಟ್ಟಲೆ ತೋಳನ್ನು ಮೈಗೆ ಅಂಟಿಸಿಕೊಂಡೇ ಇರುತ್ತಾರೆ. ಆಗ ಭುಜದ ಕೀಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಆಮೇಲೆ ತಲೆ ಬಾಚಲೂ, ರವಿಕೆ ತೊಡಲೂ ಆಗದಂಥ ನೋವು. ಅದನ್ನು ಜನ ಪೇಸ್‌ಮೇಕರಿನ ನೋವೆಂದೇ ತಿಳಿಯುತ್ತಾರೆ. ಆದುದರಿಂದ ಮೊದಲ ದಿನದಿಂದಲೇ ಮೊಣಕೈ, ಮಣಿಕಟ್ಟು, ಬೆರಳುಗಳನ್ನು ಆಡಿಸುತ್ತಿರಬೇಕು. ಹೆಗಲ ಮಟ್ಟದ ಕೆಳಗೆ ತೋಳನ್ನು ಮೆಲ್ಲನೆ ಹಿಂದೆ ಮುಂದೆ ಚಲಿಸಬೇಕು. ಅನ್ನ ಕಲೆಸುವುದು, ತರಕಾರಿ ಹೆಚ್ಚುವುದು, ಬರೆಯುವುದು ಇವಕ್ಕೆಲ್ಲ ಅಡ್ಡಿಯಿಲ್ಲ. ವೈದ್ಯರು ಹೇಳಿದ ಅವಧಿ ಮುಗಿದ ಮೇಲೆ ಗೋಡೆಗೆ ಬೆರಳಿಟ್ಟು ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಮೇಲಕ್ಕೆ ಹತ್ತಿಸುವ ವ್ಯಾಯಾಮ ಮಾಡಿದರೆ ಭುಜ ಸಡಿಲವಾಗುತ್ತದೆ. ಎಣ್ಣೆ ಹಚ್ಚಿ ಬಲವಾಗಿ ನೀವುವುದು, ಬಿಸಿ ಶಾಖ ಕೊಡುವುದು ಮಾತ್ರ ಯಂತ್ರದ ಜಾಗದಲ್ಲಿ ಕೂಡದು.

ರವಿಕೆಯ ಪಟ್ಟಿ, ಹೆಗಲ ಚೀಲ

ಗಾಯ ಮಾಯ್ದ ಮೇಲೂ ಉಳಿಯುವುದು ಉಜ್ಜಾಟದ ಕಿರಿಕಿರಿ. ಪುರುಷ ವೈದ್ಯರ ಮುಂದೆ ಹೇಳಲು ಸಂಕೋಚಪಟ್ಟು ಹುಡುಗಿಯರು ನುಂಗಿಕೊಳ್ಳುವ ನೋವು ಇದೇ. ಇದಕ್ಕೆ ಪರಿಹಾರಗಳು ಸರಳ. ಒಳಉಡುಪಿನ ಪಟ್ಟಿ ಅಗಲವಾಗಿರಲಿ. ಕಿರಿದಾದ, ಬಿಗಿಯಾದ ಪಟ್ಟಿ ಒಂದೇ ಗೆರೆಯಲ್ಲಿ ಒತ್ತುತ್ತದೆ. ಪಟ್ಟಿಯಡಿ ಮೆತ್ತನೆಯ ಹತ್ತಿಬಟ್ಟೆಯನ್ನು ಮಡಿಸಿ ಇಡಬಹುದು. ಪಟ್ಟಿಗಳು ಬೆನ್ನಿನ ನಡುವೆ ಕೂಡುವ ವಿನ್ಯಾಸದ ಉಡುಪು ಕೆಲವರಿಗೆ ಒಗ್ಗುತ್ತದೆ. ರವಿಕೆ ಹೊಲಿಸುವಾಗ ಆ ಬದಿಯ ಹೊಲಿಗೆಯ ಮಡಿಕೆ ಉಬ್ಬಿನ ಮೇಲೆ ಬಾರದಂತೆ ದರ್ಜಿಗೆ ಹೇಳಿದರಾಯಿತು. ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಬೇಕು. ಕಾರಿನಲ್ಲಿ ಸೀಟ್ ಬೆಲ್ಟ್ ಒತ್ತಿದರೆ ಅದರಡಿ ಸಣ್ಣ ಟವೆಲ್ ಮಡಿಸಿಡಬೇಕೇ ಹೊರತು ಬೆಲ್ಟನ್ನು ಬಿಡಬಾರದು. ಕೂಸನ್ನು ಎಡಸೊಂಟದಲ್ಲಿ ಎತ್ತಿಕೊಳ್ಳುವ ರೂಢಿಯಿದ್ದರೆ, ಅದರ ತಲೆ ಉಬ್ಬಿಗೆ ಬಡಿಯದಂತೆ ಬಲಕ್ಕೆ ಬದಲಿಸಿಕೊಳ್ಳಬೇಕು. ಮಲಗುವಾಗ ಎಡತೋಳಿನಡಿ ಒಂದು ತಲೆದಿಂಬು ಇಟ್ಟರೆ ಭುಜ ಮುಂದಕ್ಕೆ ಬಾಗಿ ಒತ್ತುವುದು ತಪ್ಪುತ್ತದೆ.

ಒಂದು ಎಚ್ಚರಿಕೆ: ಚರ್ಮದಡಿಯ ಯಂತ್ರವನ್ನು ಬೆರಳಿನಿಂದ ತಳ್ಳುವ, ತಿರುಗಿಸುವ ಅಭ್ಯಾಸ ಕೆಲವರಿಗೆ ತಿಳಿಯದೆಯೇ ಅಂಟಿಕೊಳ್ಳುತ್ತದೆ. ಹಾಗೆ ತಿರುಗಿಸಿದರೆ ತಂತಿ ಸುತ್ತಿಕೊಂಡು ಹೃದಯದಿಂದ ಕಿತ್ತುಬರುವುದುಂಟು. 1968ರಷ್ಟು ಹಿಂದೆಯೇ ವೈದ್ಯರು ಇದನ್ನು ಗುರುತಿಸಿ ದಾಖಲಿಸಿದ್ದಾರೆ. ಮಚ್ಚೆಯಂತೆ ದಪ್ಪಗಾಗುವ, ತುರಿಸುವ ಗಾಯದ ಗುರುತಿಗೆ ಚರ್ಮವೈದ್ಯರಲ್ಲಿ ಚಿಕಿತ್ಸೆಯಿದೆ. ಆದರೆ ಅಲ್ಲಿ ಸೂಜಿ ಚುಚ್ಚುವ ಮುನ್ನ ಹೃದಯವೈದ್ಯರ ಒಪ್ಪಿಗೆ ಬೇಕು.

ಯಂತ್ರವನ್ನು ಹೊಂದಿಸಬಹುದು

ಎದೆಯ ಸ್ನಾಯು ತಾನಾಗಿ ಮಿಡಿದಂತೆ ಅದುರುವುದು, ನಿಲ್ಲದ ಬಿಕ್ಕಳಿಕೆ, ಕೊರಳಿನಲ್ಲಿ ಬಡಿತ ಕೇಳಿಸಿದಂತಾಗುವುದು, ಸುಮ್ಮನೆ ಕುಳಿತಾಗಲೂ ಎದೆ ಓಡಿದಂತಾಗುವುದು ಇವೆಲ್ಲ ಬೇರೆ ಜಾತಿಯ ತೊಂದರೆಗಳು. ಇವುಗಳಿಗೆ ಕಾರಣ ಬಹುವೇಳೆ ಯಂತ್ರದ ಹೊಂದಾಣಿಕೆ. ಸಂಕೇತದ ಬಲ ಅಗತ್ಯಕ್ಕಿಂತ ಹೆಚ್ಚಿದ್ದರೆ ಪಕ್ಕದ ಸ್ನಾಯುವೋ ವಪೆಯೋ ಅದುರಬಹುದು. ಮೇಲಿನ ಕೋಣೆಗಳಿಗೂ ಕೆಳಗಿನ ಕೋಣೆಗಳಿಗೂ ತಾಳ ತಪ್ಪಿದರೆ ಕೊರಳಿನಲ್ಲಿ ಬಡಿತ, ಸುಸ್ತು, ಉಸಿರುಗಟ್ಟಿದಂತಾಗುವುದು ಉಂಟು.

ಇನ್ನೊಂದು ಸ್ವಾರಸ್ಯದ ಸಂಗತಿಯಿದೆ. ನಡೆಯುವಾಗ, ಮೆಟ್ಟಿಲು ಹತ್ತುವಾಗ ಬಡಿತ ಹೆಚ್ಚಿಸಲೆಂದು ಅನೇಕ ಪೇಸ್‌ಮೇಕರುಗಳಲ್ಲಿ ದೇಹದ ಅಲುಗಾಟವನ್ನು ಗ್ರಹಿಸುವ ಏರ್ಪಾಡು ಇರುತ್ತದೆ. ಕೆಲವು ಬಗೆಯ ಯಂತ್ರಗಳು ಗುಂಡಿಬಿದ್ದ ರಸ್ತೆಯಲ್ಲಿ ಬಸ್ಸಿನ ಕುಲುಕಾಟವನ್ನೂ ನಡಿಗೆಯೆಂದೇ ತಿಳಿದು ಬಡಿತವನ್ನು ಏರಿಸಿಬಿಡುತ್ತವೆ. ಹಳ್ಳಿಯಿಂದ ಮಾಗಡಿಗೆ ಬರುವಷ್ಟರಲ್ಲಿ ಎದೆ ಡವಗುಟ್ಟಿತೆಂದು ಹುಡುಗಿ ಹೇಳಿದರೆ ಅದು ಅವಳ ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವಂತಿಲ್ಲ.

ಈ ಬಗೆಯ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಿಲ್ಲ. ಆಸ್ಪತ್ರೆಯ ತಪಾಸಣಾ ಕೋಣೆಯಲ್ಲಿ ಎದೆಯ ಮೇಲೆ ಒಂದು ಉಪಕರಣವನ್ನಿಟ್ಟು, ಗಣಕಯಂತ್ರದ ಮೂಲಕ ಸಂಕೇತದ ಬಲವನ್ನೂ ವೇಗವನ್ನೂ ಕೆಲವೇ ನಿಮಿಷಗಳಲ್ಲಿ ಬದಲಿಸಬಹುದು. ಆದರೆ ಹಾಗೆ ಬದಲಿಸಬೇಕಾದರೆ ಯಾವಾಗ, ಯಾವ ಕೆಲಸ ಮಾಡುವಾಗ, ಎಷ್ಟು ಹೊತ್ತು ತೊಂದರೆಯಾಯಿತೆಂದು ಹೇಳುವವರು ಬೇಕು. ಒಂದು ಸಣ್ಣ ಪುಸ್ತಕದಲ್ಲಿ ದಿನಾಂಕ, ಸಮಯ, ತೊಂದರೆ ಇಷ್ಟನ್ನು ಗುರುತು ಹಾಕಿಕೊಂಡು ಹೋದರೆ ವೈದ್ಯರ ಕೆಲಸ ಅರ್ಧ ಮುಗಿದಂತೆ. ಅಳವಡಿಸಿದ ಮೊದಲ ಮೂರು ತಿಂಗಳೊಳಗೆ ಒಮ್ಮೆ, ಅನಂತರ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ ಮಾಡಿಸುವ ತಪಾಸಣೆಯನ್ನು, ಮೈ ಚೆನ್ನಾಗಿದೆಯೆಂಬ ಕಾರಣಕ್ಕೆ ತಪ್ಪಿಸಬಾರದು.

ತಡಮಾಡಬಾರದ ಲಕ್ಷಣಗಳು

ಮೇಲೆ ಹೇಳಿದವು ಸಹಿಸಿ, ಹೊಂದಿಸಿಕೊಂಡು ಹೋಗಬಹುದಾದ ತೊಂದರೆಗಳು. ಈಗ ಹೇಳುವವು ಹಾಗಲ್ಲ. ಯಂತ್ರದ ಜಾಗ ಕೆಂಪಾಗಿ ಬಿಸಿಯಾಗುವುದು, ಊದಿಕೊಳ್ಳುವುದು, ಗಾಯದಿಂದ ನೀರು ಅಥವಾ ಕೀವು ಒಸರುವುದು, ಚಳಿಜ್ವರ. ಉಬ್ಬಿನ ಮೇಲಿನ ಚರ್ಮ ತೆಳುವಾಗಿ ಹೊಳೆಯುವುದು ಅಥವಾ ಲೋಹ ಕಾಣಿಸುವುದು. ಆ ಬದಿಯ ತೋಳು ಪೂರ್ತಿ ಬಾತುಕೊಳ್ಳುವುದು. ಹಿಂದಿನಂತೆ ತಲೆಸುತ್ತು, ಪ್ರಜ್ಞೆ ತಪ್ಪುವುದು. ಎದೆನೋವು, ಉಸಿರಾಟದ ಕಷ್ಟ, ನಿಲ್ಲದ ಬಿಕ್ಕಳಿಕೆ. ಇವುಗಳಲ್ಲಿ ಯಾವುದೊಂದು ಕಂಡರೂ ಯಂತ್ರ ಅಳವಡಿಸಿದ ಆಸ್ಪತ್ರೆಗೆ ಅಂದೇ ಹೋಗಬೇಕು. ಪ್ರಜ್ಞೆ ತಪ್ಪಿದರೆ ಅಥವಾ ಉಸಿರು ಕಟ್ಟಿದರೆ 108ಕ್ಕೆ ಕರೆಮಾಡಿ ಹತ್ತಿರದ ಆಸ್ಪತ್ರೆಗೆ ಸೇರಿಸಬೇಕು.

ಇಲ್ಲಿ ಮೂರು ತಪ್ಪುಗಳನ್ನು ಮಾಡಲೇಬಾರದು. ಮೊದಲನೆಯದು, ಊದಿದ ಜಾಗಕ್ಕೆ ಅರಿಸಿನ, ಸುಣ್ಣ, ಸೊಪ್ಪಿನ ರಸ ಹಚ್ಚಿ ಕಾಯುವುದು. ಎರಡನೆಯದು, ಔಷಧದ ಅಂಗಡಿಯಲ್ಲಿ ಮಾತ್ರೆ ಕೇಳಿ ತಂದು ನುಂಗುವುದು. ಇದರಿಂದ ಜ್ವರ ಅಡಗಬಹುದು, ಸೋಂಕು ಒಳಗೇ ಉಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಊರಿನ ಚಿಕಿತ್ಸಾಲಯದಲ್ಲಿ ಸೂಜಿ ಚುಚ್ಚಿ ಕೀವು ಅಥವಾ ರಕ್ತ ತೆಗೆಸುವುದು. ಸೂಜಿಯ ಮೂಲಕವೇ ರೋಗಾಣು ಯಂತ್ರದ ಜೇಬಿಗೆ ಸೇರಬಹುದು. ಸೋಂಕು ಒಮ್ಮೆ ಯಂತ್ರಕ್ಕೆ ಅಂಟಿದರೆ ತಂತಿ ಸಮೇತ ಎಲ್ಲವನ್ನೂ ಹೊರತೆಗೆಯಬೇಕಾಗುವುದೇ ಹೆಚ್ಚು. ತಂತಿ ಹಳೆಯದಾದಷ್ಟೂ ಹೊರತೆಗೆಯುವುದು ಕಷ್ಟ. ಒಂದು ವಾರ ಸಹಿಸಿದ್ದರ ಬೆಲೆ ಇಷ್ಟು ದೊಡ್ಡದಾಗಬಹುದು.

ಮನೆ, ಹೊಲ, ಪ್ರಯಾಣ

ಮಿಕ್ಸಿ, ದೂರದರ್ಶನ, ಫ್ರಿಜ್, ಇಸ್ತ್ರಿಪೆಟ್ಟಿಗೆ ಮೊದಲಾದವುಗಳನ್ನು ದೋಷವಿಲ್ಲದ ಸ್ಥಿತಿಯಲ್ಲಿ ಬಳಸಲು ಭಯಬೇಡ. ಇಂಡಕ್ಷನ್ ಒಲೆಯಿಂದ ಮಾತ್ರ ಯಂತ್ರ ಸುಮಾರು 60 ಸೆಂ.ಮೀ. ದೂರವಿರಲಿ. ಮೊಬೈಲ್ ಫೋನನ್ನು ಇನ್ನೊಂದು ಬದಿಯ ಕಿವಿಗೆ ಹಿಡಿಯಬೇಕು; ಯಂತ್ರದಿಂದ 15 ಸೆಂ.ಮೀ. ದೂರ ಇಡಬೇಕು. ಫೋನನ್ನೂ ಕಾಸಿನ ಪರ್ಸನ್ನೂ ರವಿಕೆಯೊಳಗೆ ಸಿಕ್ಕಿಸಿಕೊಳ್ಳುವುದು ನಮ್ಮ ಹೆಂಗಸರ ರೂಢಿ. ಪೇಸ್‌ಮೇಕರ್ ಇರುವವರು ಇದನ್ನು ಬಿಡಬೇಕು. ಈಚಿನ ಕೆಲವು ಫೋನುಗಳಲ್ಲಿಯೂ ಅವುಗಳ ಕವಚಗಳಲ್ಲಿಯೂ ಬಲವಾದ ಅಯಸ್ಕಾಂತವಿರುವುದರಿಂದ ಈ ಎಚ್ಚರ ಇನ್ನಷ್ಟು ಅಗತ್ಯ.

ಚನ್ನಪಟ್ಟಣದ ಬೊಂಬೆ ಕಡೆಯುವ ಯಂತ್ರಗಳು, ರಾಮನಗರದ ರೇಷ್ಮೆ ನೂಲು ಬಿಚ್ಚುವ ಘಟಕಗಳು ನಮ್ಮ ಸೀಮೆಯ ಹಲವು ಹೆಣ್ಣುಮಕ್ಕಳಿಗೆ ಅನ್ನ ಕೊಡುತ್ತಿವೆ. ಓಡುತ್ತಿರುವ ವಿದ್ಯುತ್ ಮೋಟಾರಿನ ಮೇಲೆ ಎದೆಯೊಡ್ಡಿ ಬಾಗಬಾರದು. ತೋಳಿನಷ್ಟು ದೂರದಲ್ಲಿ ಕುಳಿತು ಕೆಲಸಮಾಡಬಹುದೇ ಎಂದು ವೈದ್ಯರನ್ನು ಕೇಳಿ ಮುಂದುವರಿಯಬೇಕು. ವೆಲ್ಡಿಂಗ್ ನಡೆಯುವ ಜಾಗದಿಂದ ದೂರವಿರುವುದು ಲೇಸು. ಕಾಡಿನ ಅಂಚಿನ ಹೊಲಗಳಲ್ಲಿ ಆನೆಗಳನ್ನು ತಡೆಯಲು ಹಾಕುವ ಸೌರವಿದ್ಯುತ್ ಬೇಲಿಯನ್ನು ಮುಟ್ಟಲೂ ಬಾರದು, ಒರಗಲೂ ಬಾರದು.

ಆಸ್ಪತ್ರೆಯವರು ಕೊಟ್ಟ ಪೇಸ್‌ಮೇಕರ್ ಗುರುತಿನ ಚೀಟಿ ಸದಾ ಜೊತೆಗಿರಲಿ. ಅದರ ಚಿತ್ರವನ್ನು ಮನೆಯ ಇನ್ನಿಬ್ಬರ ಫೋನಿನಲ್ಲಿಯೂ ಇರಿಸಿ. ಬೆಂಗಳೂರಿನಲ್ಲಿ ಮಾಗಡಿ ರಸ್ತೆಯ ಮೆಟ್ರೋ ನಿಲ್ದಾಣವಾಗಲಿ, ವಿಮಾನ ನಿಲ್ದಾಣವಾಗಲಿ, ಲೋಹಶೋಧಕ ದ್ವಾರದ ಬಳಿ ಚೀಟಿ ತೋರಿಸಿ ಕೈತಪಾಸಣೆ ಕೇಳಬಹುದು. ದ್ವಾರವನ್ನು ನಿಲ್ಲದೆ ದಾಟಿದರೆ ಅಪಾಯವಿಲ್ಲ. ಕೈಯಲ್ಲಿ ಹಿಡಿಯುವ ಶೋಧಕವನ್ನು ಎದೆಯ ಮೇಲೆ ನಿಲ್ಲಿಸಬಾರದಷ್ಟೆ. ವೇಳಾಂಗಣಿಯಂಥ ಯಾತ್ರೆಗೆ ಹೋಗಲು ಅಡ್ಡಿಯಿಲ್ಲ. ನೂಕುನುಗ್ಗಲಿನಲ್ಲಿ ಎದೆಗೆ ಪೆಟ್ಟು ಬೀಳದಂತೆ ಮನೆಯವರು ಆ ಬದಿಯಲ್ಲಿ ನಡೆಯಲಿ. ಎಕ್ಸ್‌ರೇ, ಅಲ್ಟ್ರಾಸೌಂಡ್ ಪರೀಕ್ಷೆಗಳಿಗೆ ತೊಂದರೆಯಿಲ್ಲ. ಎಂ.ಆರ್.ಐ. ಪರೀಕ್ಷೆಯನ್ನು ಈಚಿನ ಹಲವು ಯಂತ್ರಗಳು ತಾಳಬಲ್ಲವಾದರೂ, ಯಂತ್ರದ ಬಗೆಯನ್ನು ತಿಳಿಸದೆ ಅದರೊಳಗೆ ಮಲಗಬಾರದು.

ಮದುವೆ ಮತ್ತು ತಾಯ್ತನ

ಹೆತ್ತವರ ನಿದ್ದೆ ಕೆಡಿಸುವ ಪ್ರಶ್ನೆ ಇದು. ಎಷ್ಟೋ ಮನೆಗಳಲ್ಲಿ ಮಗಳ ಗಾಯಕ್ಕಿಂತ ಮುಂಚೆ ಆ ಗಾಯದ ಸುದ್ದಿಯನ್ನು ಮುಚ್ಚುವ ಚಿಂತೆ ಹತ್ತುತ್ತದೆ. ಕತ್ತು ಮುಚ್ಚುವ ರವಿಕೆ, ನೆಂಟರ ಮನೆಗೆ ಹೋಗದಿರುವುದು, ತಪಾಸಣೆಗೆ ಕದ್ದು ಹೋಗುವುದು ಆರಂಭವಾಗುತ್ತವೆ. ಹುಡುಗಿಗೆ ತಾನು ಮುಚ್ಚಿಡಬೇಕಾದ ವಸ್ತುವೆಂಬ ಭಾವನೆ ಬೇರೂರುವುದು ಹೀಗೆಯೇ. ಇದು ಯಂತ್ರ ಕೊಡುವ ನೋವಲ್ಲ, ನಾವು ಕೊಡುವ ನೋವು.

ಪೇಸ್‌ಮೇಕರ್ ತಾನಾಗಿ ಮದುವೆಗೂ ತಾಯ್ತನಕ್ಕೂ ಅಡ್ಡಿಯಲ್ಲ. ಅದನ್ನು ಧರಿಸಿದ ಅನೇಕ ಸ್ತ್ರೀಯರು ಸುರಕ್ಷಿತವಾಗಿ ಹೆತ್ತಿದ್ದಾರೆ, ಹಾಲೂಡಿಸಿದ್ದಾರೆ. ಗರ್ಭಧಾರಣೆ ಎಷ್ಟು ಸುರಕ್ಷಿತವೆಂಬುದು ಯಂತ್ರಕ್ಕಿಂತ ಹೆಚ್ಚಾಗಿ ಹೃದಯದ ಮೂಲಕಾಯಿಲೆಯನ್ನು ಅವಲಂಬಿಸಿದೆ. ಕವಾಟದ ಕಾಯಿಲೆಯುಳ್ಳವಳ ಸ್ಥಿತಿ ಬೇರೆ, ಹೃದಯ ಮಿಕ್ಕೆಲ್ಲ ರೀತಿಯಲ್ಲಿ ಗಟ್ಟಿಯಾಗಿರುವವಳ ಸ್ಥಿತಿ ಬೇರೆ. ಆದುದರಿಂದ ಗರ್ಭಿಣಿಯಾಗುವ ಮುನ್ನವೇ ಹೃದಯವೈದ್ಯರನ್ನೂ ಪ್ರಸೂತಿವೈದ್ಯರನ್ನೂ ಕಾಣಬೇಕು. ಹೆರಿಗೆ ಅಂಥ ಆಸ್ಪತ್ರೆಯಲ್ಲೇ ಆಗಲಿ. ಶಸ್ತ್ರಚಿಕಿತ್ಸೆ ಬೇಕಾದರೆ ಅಲ್ಲಿ ಬಳಸುವ ವಿದ್ಯುತ್ ಉಪಕರಣಗಳು ಯಂತ್ರವನ್ನು ಗಲಿಬಿಲಿಗೊಳಿಸಬಹುದಾದ್ದರಿಂದ ಅರಿವಳಿಕೆ ವೈದ್ಯರಿಗೂ ವಿಷಯ ಮೊದಲೇ ತಿಳಿದಿರಬೇಕು. ಗರ್ಭಿಣಿಯಲ್ಲಿ ಎದೆ ಭಾರವಾದಂತೆ ಉಬ್ಬಿನ ಜಾಗ ಎಳೆಯುವುದು, ನೋಯುವುದು ಉಂಟು. ಆಧಾರ ಕೊಡುವ ಉಡುಪಿನಿಂದ ಅದು ತಗ್ಗುತ್ತದೆ.

ಮದುವೆಯ ಮಾತು ಬಂದಾಗ ಗಂಡಿನ ಕಡೆಯವರಿಗೆ ಮೊದಲೇ ತಿಳಿಸುವುದೇ ಸರಿ. ತಿಳಿಸಿದರೆ ಸಂಬಂಧ ತಪ್ಪೀತೆಂಬ ಹೆದರಿಕೆ ಸುಳ್ಳಲ್ಲ. ಆದರೆ ಮುಚ್ಚಿ ಮಾಡಿದ ಮದುವೆಯಲ್ಲಿ ಆ ಹೆಣ್ಣು ಗಾಯ ಕೆಂಪಾದಾಗಲೂ ಗಂಡನಿಗೆ ಹೇಳಲಾರಳು, ತಪಾಸಣೆಗೂ ಹೋಗಲಾರಳು. ಅಂಥ ಗುಟ್ಟಿನ ಬೆಲೆ ಅವಳ ಪ್ರಾಣವೇ ಆಗಬಹುದು. ಮದುವೆಗೆ ಮುನ್ನ ವಧೂವರರು ಹಾಜರಾಗುವ ಸಿದ್ಧತಾ ಶಿಬಿರಗಳಲ್ಲಿ ಇಂಥ ವಿಷಯಗಳನ್ನು ಮುಕ್ತವಾಗಿ ಮಾತಾಡುವ ಅವಕಾಶ ಇರಬೇಕು.

ಇಪ್ಪತ್ತಾರು ಯಂತ್ರ ಧರಿಸಿದ ಮನುಷ್ಯ

ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬಾಳುತ್ತದೆ. ತೀರುವ ಮುನ್ನ ತಪಾಸಣೆಯಲ್ಲಿ ಸೂಚನೆ ಕೊಡುತ್ತದೆ. ಆಗ ಹಳೆಯ ಗಾಯವನ್ನೇ ತೆರೆದು ಯಂತ್ರವನ್ನು ಮಾತ್ರ ಬದಲಿಸುತ್ತಾರೆ. ತಂತಿಗಳು ಸರಿಯಿದ್ದರೆ ಅವೇ ಮುಂದುವರಿಯುತ್ತವೆ. ಇಪ್ಪತ್ತರ ಹುಡುಗಿ ಜೀವಮಾನದಲ್ಲಿ ಐದಾರು ಸಲ ಇದಕ್ಕೆ ಸಿದ್ಧಳಾಗಬೇಕು. ಈ ಲೆಕ್ಕ ಕೇಳಿ ಎದೆಗುಂದುವವರು ಆರ್ನೆ ಲಾರ್ಸನ್ ಎಂಬ ಸ್ವೀಡನ್ನಿನ ಮನುಷ್ಯನ ವೃತ್ತಾಂತವನ್ನು ಕೇಳಬೇಕು.

1958ರ ಅಕ್ಟೋಬರ್ 8ರಂದು ಸ್ಟಾಕ್‌ಹೋಮ್ ನಗರದ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ ಲೋಕದ ಮೊದಲ ಒಳಗಿಡುವ ಪೇಸ್‌ಮೇಕರನ್ನು ಅವರಿಗೆ ಅಳವಡಿಸಲಾಯಿತು. ಆಗ ಅವರಿಗೆ 43 ವರ್ಷ. ದಿನಕ್ಕೆ ಹಲವು ಸಲ ಪ್ರಜ್ಞೆ ತಪ್ಪುತ್ತಿದ್ದರು. ಇಂಥ ಯಂತ್ರ ಇನ್ನೂ ಪ್ರಯೋಗದ ಹಂತದಲ್ಲಿದೆಯೆಂದು ವೈದ್ಯ ಓಕೆ ಸೆನಿಂಗ್ ಮತ್ತು ಇಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ಹಿಂಜರಿದಾಗ, ಬಿಡದೆ ಅವರ ಬೆನ್ನುಹತ್ತಿ ಒಪ್ಪಿಸಿದಾಕೆ ಲಾರ್ಸನ್ನರ ಹೆಂಡತಿ ಎಲ್ಸೆ ಮರೀ. ಮೊದಲ ಯಂತ್ರ ಕೆಲವೇ ಗಂಟೆಗಳಲ್ಲಿ ನಿಂತುಹೋಯಿತು. ಆದರೂ ಮುಂದಿನ ವರ್ಷಗಳಲ್ಲಿ ಒಟ್ಟು 26 ಯಂತ್ರಗಳನ್ನು ಧರಿಸಿ, ತಮಗೆ ಯಂತ್ರವಿಟ್ಟ ವೈದ್ಯರಿಗಿಂತಲೂ ಅದನ್ನು ನಿರ್ಮಿಸಿದ ಇಂಜಿನಿಯರಿಗಿಂತಲೂ ಹೆಚ್ಚು ಕಾಲ ಬದುಕಿ, 2001ರಲ್ಲಿ 86ರ ವಯಸ್ಸಿನಲ್ಲಿ ಅವರು ತೀರಿಕೊಂಡರು. ಮನೆಯವಳೊಬ್ಬಳು ಸುಮ್ಮನಿರಲು ಒಪ್ಪದಿದ್ದುದರಿಂದ ಬಂದ ಫಲ ಇದು.

ಅಂದಿಗಿಂತ ಇಂದು ದಾರಿಗಳು ಹೆಚ್ಚಿವೆ. ಉಬ್ಬು ಕಾಣದಂತೆ ಯಂತ್ರವನ್ನು ಎದೆಯ ಸ್ನಾಯುವಿನ ಅಡಿಯಲ್ಲಿ ಇರಿಸುವ, ಗಾಯದ ಗುರುತನ್ನು ಕಂಕುಳ ಕಡೆಗೆ ಸರಿಸುವ ವಿಧಾನಗಳಿವೆ. ತಂತಿಯೇ ಇಲ್ಲದ, ದೊಡ್ಡ ಗುಳಿಗೆಯಷ್ಟೇ ಗಾತ್ರದ, ನೇರವಾಗಿ ಹೃದಯದೊಳಗೆ ಕೂರುವ ಪೇಸ್‌ಮೇಕರುಗಳು ಕೂಡ ಬಂದಿವೆ. ಅವು ದುಬಾರಿ, ಎಲ್ಲರ ಕಾಯಿಲೆಗೂ ಒಗ್ಗುವುದಿಲ್ಲ, ಹಳೆಯದಾದ ಮೇಲೆ ಹೊರತೆಗೆಯುವುದು ಸುಲಭವಲ್ಲದ್ದರಿಂದ ಎಳೆಯರ ವಿಷಯದಲ್ಲಿ ವೈದ್ಯರು ಯೋಚಿಸಿ ನಿರ್ಧರಿಸುತ್ತಾರೆ. ಆದರೆ ಹುಡುಗಿಯೂ ಮನೆಯವರೂ ಮೊದಲ ಸಲ ಅಳವಡಿಸುವಾಗಲೂ, ಬ್ಯಾಟರಿ ಬದಲಿಸುವಾಗಲೂ “ಯಂತ್ರವನ್ನು ಎಲ್ಲಿ ಇಡುತ್ತೀರಿ, ಬೇರೆ ಜಾಗ ಸಾಧ್ಯವೇ?” ಎಂದು ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ. ಅದು ಅಲಂಕಾರದ ಚಪಲವಲ್ಲ. ಐವತ್ತು ವರ್ಷ ಅದರೊಡನೆ ಬಾಳುವವಳ ಹಕ್ಕು.

ವೆಚ್ಚದ ಚಿಂತೆಯಿರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಅಥವಾ ದೊಡ್ಡಾಸ್ಪತ್ರೆಗಳ ಆರೋಗ್ಯಮಿತ್ರರಲ್ಲಿ ವಿಚಾರಿಸಬೇಕು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಸೇಂಟ್ ಜಾನ್ಸ್ ಆಸ್ಪತ್ರೆ ಇವೆಲ್ಲ ನಮ್ಮ ಸೀಮೆಯ ಜನರಿಗೆ ಬಸ್ಸಿನ ದಾರಿಯಲ್ಲೇ ಇವೆ.

ಮನೆಯವರ ಪಾಲು

ನೋವನ್ನು ತಾಳ್ಮೆಯಿಂದ ಸಹಿಸಿ ದೇವರಿಗೆ ಒಪ್ಪಿಸುವುದು ನಮ್ಮ ಮನೆಗಳ ಹಳೆಯ ಸಂಸ್ಕಾರ. ಅದು ದೊಡ್ಡದು. ಆದರೆ ತಪ್ಪಿಸಬಹುದಾದ ನೋವನ್ನು ಮುಚ್ಚಿಟ್ಟು ಕಾಯಿಲೆ ಬೆಳೆಸಿಕೊಳ್ಳುವುದು ತಾಳ್ಮೆಯಲ್ಲ. ಶುಭಸಂದೇಶದಲ್ಲಿ ಹನ್ನೆರಡು ವರ್ಷ ರಕ್ತಸ್ರಾವದಿಂದ ಬಳಲಿದ ಸ್ತ್ರೀ ಜನಜಂಗುಳಿಯಲ್ಲಿ ಗುಟ್ಟಾಗಿ ಬಂದು ಕ್ರಿಸ್ತರ ಉಡುಪಿನ ಅಂಚು ಮುಟ್ಟಿದಳು. ಅವಳು ಗುಣವಾದರೂ ಯೇಸುಸ್ವಾಮಿ ಅವಳನ್ನು ಹಾಗೆಯೇ ಹೋಗಗೊಡಲಿಲ್ಲ. ಮುಂದೆ ಕರೆದು, ಅವಳ ಬಾಯಿಯಿಂದಲೇ ಎಲ್ಲವನ್ನೂ ಕೇಳಿ, ಮಗಳೇ ಎಂದು ಕರೆದು ಕಳುಹಿಸಿದರು.

ನಮ್ಮಿಂದಾಗುವುದೂ ಅಷ್ಟೇ. ತಾಯಿಯಾದವಳು ವಾರಕ್ಕೊಮ್ಮೆ ಮಗಳ ಗಾಯವನ್ನು ತಾನೇ ಕಣ್ಣಾರೆ ನೋಡಲಿ. ಅತ್ತೆಯಾದವಳು ಹೊರೆ ಹೊರಿಸುವ ಮುನ್ನ ಒಂದು ಮಾತು ಕೇಳಲಿ. ಗಂಡನಾದವನು ತಪಾಸಣೆಯ ದಿನ ಕೂಲಿ ತಪ್ಪಿದರೂ ಜೊತೆಗೆ ಬರಲಿ. ಸಂತ ವಿನ್ಸೆಂಟ್ ದ ಪಾಲ್ ಸಭೆಯವರು, ಸ್ತ್ರೀಯರ ಸಂಘದವರು ಒಬ್ಬಳೇ ಆಸ್ಪತ್ರೆಗೆ ಹೋಗಬೇಕಾದವಳಿಗೆ ಜೊತೆಯಾಗಲಿ. ಮುಂದಿನ ಭಾನುವಾರ ಬಲಿಪೂಜೆ ಮುಗಿದು ಹೊರಬರುವಾಗ ಅಂಥ ಹುಡುಗಿ ನಮ್ಮ ಧರ್ಮಕೇಂದ್ರದಲ್ಲಿದ್ದರೆ, “ಹೇಗಿದ್ದೀಯವ್ವ?” ಎಂದು ಕೇಳಿ ಹೊರಟುಬಿಡದೆ, ಉತ್ತರಕ್ಕಾಗಿ ಒಂದು ಗಳಿಗೆ ನಿಲ್ಲೋಣ.